ಮುಂಗಾರಿನ ಹೊಸ್ತಿಲಲ್ಲಿ ಬೇಸಿಗೆ: ಕರ್ನಾಟಕದ ಬಿಸಿಲು, ಸೆಖೆ, ಗುಡುಗುಮಳೆಗಳ ಮುನ್ಸೂಚನೆಯ ಇತಿಹಾಸ

ಹವಾಮಾನ ಶಾಸ್ತ್ರದ ಲೆಕ್ಕದಲ್ಲಿ ಮಾರ್ಚ್, ಏಪ್ರಿಲ್ ಮತ್ತು ಮೇ ಕರ್ನಾಟಕದ ಬೇಸಿಗೆಯ ತಿಂಗಳುಗಳು. ಭಾರತೀಯ ಹವಾಮಾನ ಇಲಾಖೆಯು ರಾಜ್ಯವನ್ನು ಕರಾವಳಿ, ಉತ್ತರ ಒಳನಾಡು ಮತ್ತು ದಕ್ಷಿಣ ಒಳನಾಡು ಎಂಬ ಮೂರು ಉಪವಿಭಾಗಗಳಾಗಿ ವಿಂಗಡಿಸಿದೆ. ಬೇಸಿಗೆಯ ಮೂರು ಮುಖಗಳೂ ಬಹುಮಟ್ಟಿಗೆ ಈ ಗಡಿಗಳನ್ನೇ ಅನುಸರಿಸುತ್ತವೆ. ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ಒಣ ಬಿಸಿಲು ಉರಿಯುತ್ತದೆ, ಮಂಗಳೂರಿನಿಂದ ಕಾರವಾರದವರೆಗೆ ಬೆವರು ಆರದ ಸೆಖೆ ಕವಿಯುತ್ತದೆ, ಹಳೆಯ ಮೈಸೂರು ಸೀಮೆ ಮತ್ತು ಮಲೆನಾಡಿನ ಅಂಚಿನಲ್ಲಿ ಮಧ್ಯಾಹ್ನದ ಧಗೆಯು ಸಂಜೆಯ ಗುಡುಗುಮಳೆಯಾಗಿ ಮುಗಿಯುತ್ತದೆ. ಈ ಋತುವಿನ ಗತಿಯನ್ನು ಮುಂದಾಗಿ ತಿಳಿಯುವ ಪ್ರಯತ್ನ ಕನ್ನಡ ನಾಡಿನಲ್ಲಿ ಶತಮಾನಗಳಿಂದ ನಡೆದಿದೆ. ಆದರೆ ಜ್ಯೋತಿಷಿಯಿರಲಿ, ರೈತನಿರಲಿ, ವಸಾಹತು ಕಾಲದ ವಿಜ್ಞಾನಿಯಿರಲಿ, ಬೇಸಿಗೆಯನ್ನು ನೋಡಿದವರೆಲ್ಲರೂ ಅದರಲ್ಲಿ ಮುಖ್ಯವಾಗಿ ಮುಂಬರುವ ಮಳೆಗಾಲದ ಗುರುತುಗಳನ್ನೇ ಹುಡುಕಿದರು. ಬಿಸಿಲೇ ಮನುಷ್ಯನಿಗೆ ಅಪಾಯ, ಸಿಡಿಲೇ ಒಂದು ವಿಪತ್ತು, ಆದ್ದರಿಂದ ಅವುಗಳ ಮುನ್ಸೂಚನೆಯೂ ಸರ್ಕಾರದ ಹೊಣೆ ಎಂಬ ತಿಳಿವಳಿಕೆ ಬಲಿತದ್ದು ಕಳೆದ ಒಂದೆರಡು ದಶಕಗಳಲ್ಲಿ. ಆ ತಿಳಿವಳಿಕೆ ಇಷ್ಟು ತಡವಾಗಿ ಬಂದ ಬಗೆಯನ್ನು ಅರಿಯಲು ಬೇಸಿಗೆ ಮುನ್ಸೂಚನೆಯ ಇತಿಹಾಸವನ್ನು ಮೊದಲಿನಿಂದ ನೋಡಬೇಕಾಗುತ್ತದೆ.

ಬೇಸಿಗೆಯ ಒಳಗತಿ

ಮಾರ್ಚ್ ಕೊನೆಯಿಂದ ಸೂರ್ಯನು ಸಮಭಾಜಕ ವೃತ್ತವನ್ನು ದಾಟಿ ಉತ್ತರಕ್ಕೆ ಸರಿಯುತ್ತಾ ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನ ನೆತ್ತಿಯ ಮೇಲೆ, ಮೇ ಎರಡನೆಯ ವಾರದಲ್ಲಿ ಬೀದರಿನ ನೆತ್ತಿಯ ಮೇಲೆ ಬರುತ್ತಾನೆ. ಈ ಸಂಚಾರದ ಜೊತೆಗೆ ಒಳನಾಡಿನ ನೆಲ ಕಾದು, ಅದರ ಮೇಲಿನ ಗಾಳಿ ಹಗುರವಾಗಿ, ವಾಯುಭಾರ ತಗ್ಗುತ್ತದೆ. ಇದೇ ಕಾಲದಲ್ಲಿ ಮಧ್ಯ ಭಾರತದ ಕಡೆಯಿಂದ ಒಳ ಕರ್ನಾಟಕದ ಮೂಲಕ ದಕ್ಷಿಣಕ್ಕೆ ಚಾಚಿದ, ವಾಯುಭಾರ ಕಡಿಮೆಯಿರುವ ಉದ್ದನೆಯ ಪಟ್ಟಿಯೊಂದು ಪದೇ ಪದೇ ಮೂಡುತ್ತದೆ. ಇದನ್ನು ಹವಾಮಾನ ಶಾಸ್ತ್ರಜ್ಞರು ತಗ್ಗು ಎಂದೂ, ಅದರ ಎರಡು ಬದಿಯ ಗಾಳಿಗಳು ಬೇರೆ ಬೇರೆ ದಿಕ್ಕಿನವಾದಾಗ ಗಾಳಿಯ ಭಿನ್ನತೆಯ ರೇಖೆ ಎಂದೂ ಕರೆಯುತ್ತಾರೆ. ರೇಖೆಯ ಪಶ್ಚಿಮಕ್ಕೆ ವಾಯವ್ಯದ ಒಣಗಾಳಿ ಬೀಸಿದರೆ ಪೂರ್ವಕ್ಕೆ ಬಂಗಾಳ ಕೊಲ್ಲಿಯ ತೇವಗಾಳಿ ಬೀಸುತ್ತದೆ. ಎರಡೂ ಕೂಡುವಲ್ಲಿ ತೇವಗಾಳಿ ಮೇಲೇರಿ, ತಣ್ಣಗಾಗಿ, ಮೋಡವಾಗುತ್ತದೆ. ಅರಬ್ಬಿ ಸಮುದ್ರದ ಕಡೆಯಿಂದ ಒಳನುಗ್ಗುವ ಕಡಲಗಾಳಿಯು ಘಟ್ಟದ ಅಂಚಿನಲ್ಲಿ ಇದೇ ಕೆಲಸ ಮಾಡುತ್ತದೆ.

ಬೇಸಿಗೆಯ ಮಳೆಯು ಮುಂಗಾರಿನಂತೆ ದಿನಗಟ್ಟಲೆ ಜಿನುಗದೆ ಸಂಜೆಯ ಒಂದೆರಡು ಗಂಟೆಗಳಲ್ಲಿ ಸುರಿದು ಮುಗಿಯುವುದಕ್ಕೂ, ಪಕ್ಕದ ಊರು ತೋಯ್ದರೂ ಈ ಊರು ಒಣಗಿಯೇ ಉಳಿಯುವುದಕ್ಕೂ ಕಾರಣ ಅದರ ಮೋಡದ ರಚನೆಯಲ್ಲಿದೆ. ರಾಶಿ ಮಳೆಮೋಡ ಎನಿಸಿಕೊಳ್ಳುವ ಈ ಗುಡುಗುಮೋಡವು ಹತ್ತು ಹನ್ನೆರಡು ಕಿಲೋಮೀಟರಿಗೂ ಮೇಲೇರುತ್ತದೆ. ಅದರೊಳಗೆ ಮಂಜಿನ ಹರಳುಗಳೂ ಮೆದು ಆಲಿಕಲ್ಲುಗಳೂ ಉಜ್ಜಿಕೊಂಡು ವಿದ್ಯುದಾವೇಶ ಬೇರ್ಪಟ್ಟಾಗ ಮಿಂಚು ಹುಟ್ಟುತ್ತದೆ, ಆ ಮಿಂಚು ನೆಲಕ್ಕೆ ಇಳಿದರೆ ಅದೇ ಸಿಡಿಲು. ಒಂದು ಮೋಡದ ಹರಹು ಕೆಲವೇ ಕಿಲೋಮೀಟರು, ಅದರ ಆಯುಷ್ಯ ಗಂಟೆಯ ಆಸುಪಾಸು. ಹೀಗಾಗಿ ಬೇಸಿಗೆಯ ಮಳೆಯನ್ನು ಸ್ಥಳ ಮತ್ತು ಸಮಯ ಗೊತ್ತುಮಾಡಿ ಹೇಳುವುದು ಮುಂಗಾರನ್ನು ಹೇಳುವುದಕ್ಕಿಂತ ಬೇರೆಯದೇ ಸಮಸ್ಯೆಯಾಯಿತು. ವರ್ಷದ ಒಟ್ಟು ಮಳೆಯಲ್ಲಿ ಈ ಮೂರು ತಿಂಗಳ ಪಾಲು ರಾಜ್ಯದ ಸರಾಸರಿಯಲ್ಲಿ ಹತ್ತನೆಯ ಒಂದು ಭಾಗದಷ್ಟೇ ಇದ್ದರೂ, ಕೃಷಿಯ ವರ್ಷ ಶುರುವಾಗುವುದು ಆ ಪಾಲಿನಿಂದಲೇ.

ಮೋಡದ ಗರ್ಭ

ಮಳೆಯನ್ನು ಅಳೆಯುವ ಮತ್ತು ಮುಂದಾಗಿ ಹೇಳುವ ಭಾರತೀಯ ಪರಂಪರೆ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರವು ಉಗ್ರಾಣದ ಮುಂದೆ ಗೊತ್ತಾದ ಅಗಲದ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಲು ವಿಧಿಸುತ್ತದೆ, ಪ್ರದೇಶದಿಂದ ಪ್ರದೇಶಕ್ಕೆ ಮಳೆಯ ಪ್ರಮಾಣ ಹೇಗೆ ಬದಲಾಗುತ್ತದೆಂಬುದನ್ನು ದ್ರೋಣ ಎಂಬ ಅಳತೆಯಲ್ಲಿ ಹೇಳುತ್ತದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮುನ್ಸೂಚನೆಯ ಸಿದ್ಧಾಂತವೇ ಇದೆ. ಅದರ ಪ್ರಕಾರ ಮಳೆಯು ಮಾರ್ಗಶಿರ ಮಾಸದಿಂದಾಚೆಗೆ ಆಕಾಶದಲ್ಲಿ ಗರ್ಭಕಟ್ಟಿ, 195 ದಿನಗಳ ನಂತರ ಪ್ರಸವವಾಗುತ್ತದೆ. ಗರ್ಭಕಟ್ಟಿದ ದಿನಗಳಲ್ಲಿ ಕಂಡ ಗಾಳಿ, ಮೋಡ, ಮಿಂಚುಗಳ ಲಕ್ಷಣವನ್ನು ಗುರುತಿಟ್ಟುಕೊಂಡರೆ ಆರೂವರೆ ತಿಂಗಳ ಮುಂದಿನ ಮಳೆಯನ್ನು ಎಣಿಸಬಹುದು. ಈ ಎಣಿಕೆಯಲ್ಲಿ ಬೇಸಿಗೆಗೆ ಸಿಕ್ಕ ಸ್ಥಾನ ಪರೀಕ್ಷೆಯ ಕಾಲದ್ದು. ಜ್ಯೇಷ್ಠ ಶುಕ್ಲ ಪಕ್ಷದ ನಡುವಿನ ಕೆಲವು ದಿನಗಳ ಗಾಳಿಯ ದಿಕ್ಕನ್ನೂ, ಚಂದ್ರನು ರೋಹಿಣಿ ಮತ್ತು ಸ್ವಾತಿ ನಕ್ಷತ್ರಗಳನ್ನು ಕೂಡುವ ಹೊತ್ತಿನ ಆಕಾಶವನ್ನೂ ನೋಡಿ, ಗರ್ಭ ಉಳಿದಿದೆಯೋ ಇಲ್ಲವೋ ಎಂದು ನಿರ್ಣಯಿಸಲಾಗುತ್ತಿತ್ತು.

ಅದೇ ಗ್ರಂಥದಲ್ಲಿ ಕೂಡಲೇ ಬರಲಿರುವ ಮಳೆಯ ಲಕ್ಷಣಗಳಿಗೆ ಮೀಸಲಾದ ಅಧ್ಯಾಯವೊಂದಿದೆ. ಇರುವೆಗಳು ಯಾವ ತೊಂದರೆಯೂ ಇಲ್ಲದೆ ಮೊಟ್ಟೆಗಳನ್ನು ಹೊತ್ತು ಸಾಗುವುದು, ಉಪ್ಪು ತನ್ನ ಸ್ವರೂಪ ಬದಲಿಸುವುದು ಮುಂತಾದವು ಅಲ್ಲಿ ಪಟ್ಟಿಯಾಗಿವೆ. 195 ದಿನಗಳ ಲೆಕ್ಕವು ಪ್ರಯೋಗದಿಂದ ಸಿದ್ಧವಾದದ್ದಲ್ಲ. ಉಪ್ಪು ನೀರೊಡೆಯುವುದು ಮಾತ್ರ ಗಾಳಿಯ ತೇವಾಂಶ ಏರಿರುವುದರ ನೇರ ಗುರುತು. ಈ ಎರಡು ಬಗೆಯ ಜ್ಞಾನವೂ ಒಂದೇ ಗ್ರಂಥದಲ್ಲಿ, ಒಂದೇ ಗೌರವದೊಡನೆ ಸೇರಿಕೊಂಡಿರುವುದು ಮುಂದಿನ ಪರಂಪರೆಯ ಸ್ವರೂಪವನ್ನೂ ನಿರ್ಧರಿಸಿತು.

ಈ ವಿದ್ಯೆ ಕನ್ನಡಕ್ಕೆ ಇಳಿದದ್ದು ಜೈನ ಕವಿಗಳ ಕಾಲದಲ್ಲಿ. ಸುಮಾರು 1300ರಲ್ಲಿ ರಟ್ಟಕವಿಯು ರಚಿಸಿದ ರಟ್ಟಮತವು ಮಳೆ, ಸಿಡಿಲು, ಭೂಕಂಪ, ಗ್ರಹಗತಿ ಮತ್ತು ಶಕುನಗಳನ್ನು ವಿಷಯವಾಗಿಸಿಕೊಂಡ ಕೃತಿ. ಪ್ರಕೃತಿಯ ಆಗುಹೋಗುಗಳಿಗೇ ಮೀಸಲಾದ ಒಂದು ಗ್ರಂಥವು ಕನ್ನಡದಲ್ಲಿ ಅಷ್ಟು ಹಿಂದೆ ಹುಟ್ಟಿತೆಂಬುದೂ, ಮುಂದಿನ ಶತಮಾನದಲ್ಲಿ ಅದು ತೆಲುಗಿಗೂ ಹೋಯಿತೆಂಬುದೂ ದಖ್ಖನಿನ ಒಣ ಸೀಮೆಯಲ್ಲಿ ಇಂತಹ ಜ್ಞಾನಕ್ಕಿದ್ದ ಬೇಡಿಕೆಯನ್ನು ತೋರಿಸುತ್ತವೆ. ಸಂಸ್ಕೃತ ಬಲ್ಲ ಜ್ಯೋತಿಷಿಯ ಮನೆಯಲ್ಲಿದ್ದ ವಿಷಯ ದೇಶಭಾಷೆಯ ಓದುಗರಿಗೂ ಕೇಳುಗರಿಗೂ ಎಟುಕುವಂತಾದದ್ದು ಇಂತಹ ಕೃತಿಗಳಿಂದ.

ಮಳೆ ನಕ್ಷತ್ರಗಳ ಪಂಚಾಂಗ

ಗ್ರಂಥಗಳಿಗಿಂತ ಆಳವಾಗಿ ಬೇರೂರಿದ್ದು ಮಳೆ ನಕ್ಷತ್ರಗಳ ಲೆಕ್ಕ. ಸೂರ್ಯನ ಹಾದಿಯನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದರಲ್ಲಿ ಅವನ ವಾಸ ಹದಿಮೂರು ಹದಿನಾಲ್ಕು ದಿನ. ಆ ದಿನಗಳಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರೇ ಸಲ್ಲುತ್ತದೆ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ಏಪ್ರಿಲ್ ಕೊನೆಯಲ್ಲಿ ಭರಣಿ, ಮೇ ಎರಡನೆಯ ವಾರದಲ್ಲಿ ಕೃತ್ತಿಕೆ, ಮೇ ಕೊನೆಯ ವಾರದಲ್ಲಿ ರೋಹಿಣಿ ತೊಡಗಿ, ಜೂನ್ ಮೊದಲ ವಾರದ ಕೊನೆಗೆ ಮೃಗಶಿರ ಬಂದರೆ ಮುಂಗಾರು ಬಂದಂತೆ. ಹೀಗೆ ಬೇಸಿಗೆಯ ಗುಡುಗುಮಳೆಗಳಿಗೆಂದೇ ನಾಲ್ಕು ಹೆಸರುಗಳು ಮೀಸಲಾದವು. ಭರಣಿಯ ಮಳೆಯಾದರೆ ಧರಣಿಯೆಲ್ಲ ಬೆಳೆಯೆಂದೂ, ರೋಹಿಣಿಯ ಮಳೆಯಾದರೆ ಓಣಿ ತುಂಬ ಜೋಳವೆಂದೂ ನಾಡಿನುದ್ದಕ್ಕೂ ಬಳಕೆಯಲ್ಲಿರುವ ಗಾದೆಗಳು ಈ ಮಳೆಗಳ ಬೆಲೆಯನ್ನು ಸಾರುತ್ತವೆ.

ಈ ಬೆಲೆಯ ಹಿಂದೆ ಹೊಲದ ಅನುಭವವಿತ್ತು. ಅಶ್ವಿನಿ, ಭರಣಿಯಲ್ಲಿ ನೇಗಿಲು ಇಳಿಯುವಷ್ಟು ನೆಲ ನೆನೆದರೆ ಮೊದಲ ಉಕ್ಕೆಗಳನ್ನು ಹೊಡೆದು ಕಳೆ ಮತ್ತು ಹುಳುಗಳನ್ನು ಬಿಸಿಲಿಗೆ ಒಡ್ಡಬಹುದಿತ್ತು. ಹಳೆಯ ಮೈಸೂರು ಸೀಮೆಯಲ್ಲಿ ಎಳ್ಳು, ಹೆಸರು, ಅಲಸಂದೆಗಳನ್ನು ಬಿತ್ತಿ ಮುಂಗಾರಿನ ರಾಗಿಗೆ ಮುನ್ನವೇ ಒಂದು ಫಸಲು ತೆಗೆಯಬಹುದಿತ್ತು. ಯುಗಾದಿಯಂದು ಅಥವಾ ಅದರ ಆಸುಪಾಸಿನಲ್ಲಿ ಎತ್ತುಗಳನ್ನು ಪೂಜಿಸಿ ಹೊನ್ನಾರು ಕಟ್ಟುವ, ಎಂದರೆ ವರ್ಷದ ಮೊದಲ ಉಳುಮೆಯನ್ನು ವಿಧಿಯಂತೆ ಆರಂಭಿಸುವ ಪದ್ಧತಿ ಈ ಮಳೆಗಳ ನಿರೀಕ್ಷೆಗೆ ಹೊಂದಿಕೊಂಡೇ ಬೆಳೆಯಿತು. ಯುಗಾದಿಯ ದಿನ ದೇವಸ್ಥಾನದಲ್ಲಿ ಪಂಚಾಂಗ ಶ್ರವಣ ನಡೆದು, ಆ ಸಂವತ್ಸರಕ್ಕೆ ರಾಜ ಯಾರು, ಮಂತ್ರಿ ಯಾರು, ಮೇಘಾಧಿಪತಿ ಯಾವ ಗ್ರಹ, ಮಳೆ ಎಷ್ಟು, ಅದರಲ್ಲಿ ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ಭೂಮಿಗೆಷ್ಟು ಎಂಬುದನ್ನು ಊರೆಲ್ಲ ಕುಳಿತು ಕೇಳುತ್ತಿತ್ತು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ದೊಡ್ಡ ಬಿಲ್ಲನ್ನೇರಿ ನುಡಿಯುವ ಒಂದು ಸಾಲಿನ ಕಾರಣಿಕವನ್ನೂ ರೈತರು ಇಂದಿಗೂ ಮುಂಬರುವ ಮಳೆ ಬೆಳೆಗಳ ಸೂಚನೆಯೆಂದೇ ಅರ್ಥೈಸುತ್ತಾರೆ.

ಕರಾವಳಿಯ ಲೆಕ್ಕ ಬೇರೆಯಾಗಿತ್ತು. ತುಳು ನಾಡಿನಲ್ಲಿ ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ, ಮೇ 24ರ ಆಸುಪಾಸಿನಲ್ಲಿ, ಬೇಸಿಗೆಯ ಗಡಿಯಾಗಿ ನಿಂತಿದೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ, ನೇಮ, ಜಾತ್ರೆಗಳು ನಿಲ್ಲುತ್ತವೆ, ಜನ ಗದ್ದೆಯ ಕಡೆಗೆ ತಿರುಗುತ್ತಾರೆ. ಆ ದಿನ ಹತ್ತು ಹನಿಯಾದರೂ ಮಳೆ ಬೀಳಬೇಕೆಂಬ ನಂಬಿಕೆಯೂ ಅಲ್ಲಿದೆ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1 ಎಂಬುದನ್ನು ನೆನೆದರೆ, ಬಯಲಿನಲ್ಲಿ ನಡೆಯುವ ಕಲೆ ಮತ್ತು ಆರಾಧನೆಗಳನ್ನು ಒಂದು ವಾರ ಮೊದಲೇ ಮುಗಿಸಿಕೊಳ್ಳುವ ಈ ಕಟ್ಟಳೆಯು ತಲೆಮಾರುಗಳ ಅವಲೋಕನದಿಂದ ಹುಟ್ಟಿದ್ದೆಂಬುದು ಸ್ಪಷ್ಟವಾಗುತ್ತದೆ.

ಆದರೂ ನಕ್ಷತ್ರಗಳ ಲೆಕ್ಕದಲ್ಲಿ ಒಂದು ಒಳದೋಷವಿದೆ. ಪಂಚಾಂಗವು ನಿರಯಣ ವರ್ಷವನ್ನು, ಎಂದರೆ ಸೂರ್ಯನು ಒಂದು ನಕ್ಷತ್ರದಿಂದ ಹೊರಟು ಮತ್ತೆ ಅಲ್ಲಿಗೇ ಬರುವ ಅವಧಿಯನ್ನು ಹಿಡಿಯುತ್ತದೆ. ಋತುಗಳಾದರೋ ಸಾಯನ ವರ್ಷವನ್ನು, ಎಂದರೆ ವಿಷುವದಿಂದ ವಿಷುವಕ್ಕೆ ಆಗುವ ಅವಧಿಯನ್ನು ಅನುಸರಿಸುತ್ತವೆ. ಭೂಮಿಯ ಅಕ್ಷದ ನಿಧಾನವಾದ ಓಲಾಟದಿಂದಾಗಿ ಮೊದಲನೆಯದು ಎರಡನೆಯದಕ್ಕಿಂತ ಇಪ್ಪತ್ತು ನಿಮಿಷದಷ್ಟು ಉದ್ದವಿರುವುದರಿಂದ, ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಮಳೆ ನಕ್ಷತ್ರಗಳು ಋತುವಿನಿಂದ ಹಿಂದೆ ಬೀಳುತ್ತವೆ. ವರಾಹಮಿಹಿರನ ಕಾಲದಿಂದ ಈಚೆಗೆ ಈ ಅಂತರ ಮೂರು ವಾರದಷ್ಟಾಗಿದೆ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯು ಇದನ್ನು ವಿವರವಾಗಿ ಚರ್ಚಿಸಿತು, 1957ರಲ್ಲಿ ರಾಷ್ಟ್ರೀಯ ಪಂಚಾಂಗವೂ ಜಾರಿಗೆ ಬಂದಿತು. ಹೊಲದ ಲೆಕ್ಕವನ್ನು ಮಾತ್ರ ಅದು ಬದಲಿಸಲಿಲ್ಲ. ರೈತರು ನಕ್ಷತ್ರದ ಹೆಸರನ್ನು ಉಳಿಸಿಕೊಂಡು, ಅದಕ್ಕೆ ಅಂಟಿದ ಗುಣವನ್ನು ತಮ್ಮ ಕಾಲದ ಅನುಭವಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತಾ ಬಂದಿದ್ದರಿಂದಲೇ ಈ ಪದ್ಧತಿ ಬಾಳಿತೆಂದು ತಿಳಿಯಬೇಕಾಗುತ್ತದೆ.

ಬಿಸಿಲಿಗೆ ಧರ್ಮ, ಮಳೆಗೆ ಶಾಸ್ತ್ರ

ಮಳೆಯ ಮುನ್ಸೂಚನೆಗೆ ಇಷ್ಟೊಂದು ಶಾಸ್ತ್ರ, ಆಚರಣೆ ಬೆಳೆದಾಗಲೂ ಬಿಸಿಲಿನ ಮುನ್ಸೂಚನೆಗೆಂದು ಅಂತಹದೇನೂ ಬೆಳೆಯಲಿಲ್ಲ. ಬಿಸಿಲು ಪ್ರತಿ ವರ್ಷವೂ ತಪ್ಪದೆ ಬರುವಂಥದ್ದಾದುದರಿಂದ ಅದನ್ನು ಮುಂದಾಗಿ ತಿಳಿಯುವುದಕ್ಕಿಂತ ತಾಳಿಕೊಳ್ಳುವ ಏರ್ಪಾಡೇ ಮುಖ್ಯವೆನಿಸಿತು. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಅರವಂಟಿಗೆಗಳನ್ನು ನಡೆಸುವುದು ಪುಣ್ಯಕಾರ್ಯವೆನಿಸಿತ್ತು. ಅವುಗಳಿಗಾಗಿ ಕೊಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ದಾಖಲಾಗಿವೆ. ಬೀದರಿನಲ್ಲಿ ಬಹಮನಿ ಕಾಲದ ಕರೇಜ್ ಎಂಬ ಸುರಂಗ ಕಾಲುವೆಗಳು ನೆಲದಡಿಯ ನೀರನ್ನು ಬಿಸಿಲಿಗೆ ಆವಿಯಾಗದಂತೆ ಊರಿಗೆ ತಂದವು. ರಾಯಚೂರು, ಕಲಬುರಗಿ ಸೀಮೆಯ ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆಯ ಮನೆಗಳು ಹಗಲಿನ ಝಳವನ್ನು ಒಳಗೆ ಬಿಡದೆ ತಡೆದವು. ಇವೆಲ್ಲ ಉದಾತ್ತವೂ ಉಪಯುಕ್ತವೂ ಆದ ಏರ್ಪಾಡುಗಳು. ಆದರೆ ಮನೆಯ ನೆರಳನ್ನು ಬಿಟ್ಟು ಹೊಲದಲ್ಲಿ, ಕಲ್ಲುಗಣಿಯಲ್ಲಿ, ರಸ್ತೆಯಲ್ಲಿ ದುಡಿಯಲೇಬೇಕಾದವರು ಬಿಸಿಲಿಗೆ ಸತ್ತರೆ ಆ ಸಾವು ಎಲ್ಲಿಯೂ ಬಿಸಿಲಿನ ಲೆಕ್ಕಕ್ಕೆ ಸೇರಲಿಲ್ಲ. ಲೆಕ್ಕಕ್ಕೆ ಸೇರದ ಸಾವನ್ನು ತಡೆಯುವ ಶಾಸ್ತ್ರವೂ ಹುಟ್ಟಲಿಲ್ಲ.

ಬರಗಾಲ ಮತ್ತು ಮಳೆಮಾಪಕ

ಹತ್ತೊಂಬತ್ತನೆಯ ಶತಮಾನದ ಹವಾಮಾನ ಶಾಸ್ತ್ರವೂ ಇದೇ ದಿಕ್ಕಿನಲ್ಲಿ ಸಾಗಿತು, ಏಕೆಂದರೆ ಅದನ್ನು ಹುಟ್ಟಿಸಿದ್ದು ಚಂಡಮಾರುತ ಮತ್ತು ಬರಗಾಲ. 1864ರ ಅಕ್ಟೋಬರಿನಲ್ಲಿ ಕಲ್ಕತ್ತೆಯನ್ನು ಅಪ್ಪಳಿಸಿದ ಚಂಡಮಾರುತ, ಅದರ ಬೆನ್ನಿಗೆ 1866ರ ಒಡಿಶಾ ಕ್ಷಾಮ, ಇವುಗಳ ನಂತರ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಗಿ ಹೆನ್ರಿ ಬ್ಲ್ಯಾನ್‌ಫೋರ್ಡ್ ಅದರ ಮುಖ್ಯಸ್ಥನಾದನು. ಇಲಾಖೆ ಕಣ್ಣು ಬಿಡುವಷ್ಟರಲ್ಲೇ 1876ರಿಂದ 1878ರವರೆಗಿನ ಮಹಾಕ್ಷಾಮ ದಕ್ಷಿಣ ಭಾರತವನ್ನು ಕವಿಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಮಳೆ ಕೈಕೊಡುವುದನ್ನು ಮೊದಲೇ ತಿಳಿಯಲಾದರೆ ಧಾನ್ಯ ಸಂಗ್ರಹಿಸಬಹುದು, ಕಂದಾಯ ಮನ್ನಾ ಮಾಡಬಹುದು ಎಂಬ ಆಡಳಿತದ ಒತ್ತಡ ವಿಜ್ಞಾನಿಗಳ ಮೇಲೆ ಬಿತ್ತು. ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂದಿನ ಮಳೆ ಕಡಿಮೆಯಾಗುತ್ತದೆಂಬ ಸಂಬಂಧವನ್ನು ಬ್ಲ್ಯಾನ್‌ಫೋರ್ಡ್ 1884ರಲ್ಲಿ ಮಂಡಿಸಿ, 1886ರಲ್ಲಿ ಮೊದಲ ಅಧಿಕೃತ ಮುಂಗಾರು ಮುನ್ಸೂಚನೆ ನೀಡಿದನು. 1904ರಲ್ಲಿ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ದೂರದ ಸಾಗರಗಳ ವಾಯುಭಾರಕ್ಕೂ ಭಾರತದ ಮಳೆಗೂ ಇರುವ ಸಂಖ್ಯಾಸಂಬಂಧವನ್ನು ಹುಡುಕುತ್ತಾ ಹೋಗಿ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ವಾಯುಭಾರವು ಏರಿಳಿಯುವ ದಕ್ಷಿಣ ಆಂದೋಲನವನ್ನು ಕಂಡುಹಿಡಿದನು. ಬೇಸಿಗೆಯ ಅಂಕಿಗಳು ಈ ಲೆಕ್ಕಗಳಲ್ಲೆಲ್ಲ ಬಂದವು; ಬಂದದ್ದು ಮಳೆಗಾಲದ ಸಮೀಕರಣದೊಳಗೆ ಹಾಕುವ ಸಂಖ್ಯೆಗಳಾಗಿ.

ಮೈಸೂರು ಸಂಸ್ಥಾನವು 1893ರಲ್ಲಿ ತನ್ನದೇ ಹವಾಮಾನ ಇಲಾಖೆಯನ್ನು ಆರಂಭಿಸಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಜಾನ್ ಕುಕ್ ಅದರ ಹೊಣೆ ಹೊತ್ತು, ಬೆಂಗಳೂರು, ಮೈಸೂರು, ಹಾಸನ ಮತ್ತು ಚಿತ್ರದುರ್ಗಗಳ ವೀಕ್ಷಣಾಲಯಗಳನ್ನು ರೂಪಿಸಿದನು. ಬಿಸಿಲು ತಾಗದಂತೆ ಜಾಲಂದ್ರದ ಬಿಳಿ ಪೆಟ್ಟಿಗೆಯೊಳಗೆ ಇಟ್ಟ ಎರಡು ಉಷ್ಣಮಾಪಕಗಳಲ್ಲಿ ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿರುತ್ತಾರೆ. ನೀರು ಆರುವಾಗ ತಂಪಾಗುವ ಈ ಒದ್ದೆ ಬುರುಡೆಗೂ ಒಣ ಬುರುಡೆಗೂ ಇರುವ ಅಂತರದಿಂದ ಗಾಳಿಯ ತೇವಾಂಶ ತಿಳಿಯುತ್ತದೆ. ಸೆಖೆ ಎಂದು ಜನ ಹೇಳುತ್ತಿದ್ದುದಕ್ಕೆ ಹೀಗೆ ಅಳತೆ ಸಿಕ್ಕಿತು. ತಾಲ್ಲೂಕು ಕಚೇರಿಯ ಅಂಗಳದ ಮಳೆಮಾಪಕವನ್ನು ದಿನವೂ ಬೆಳಗ್ಗೆ ಅಳೆದು ದಾಖಲಿಸುವ ಕೆಲಸ ಕಂದಾಯ ಇಲಾಖೆಯ ಸಿಬ್ಬಂದಿಯದಾಯಿತು. ರಾಯಚೂರಿನಲ್ಲಿ 1928ರ ಮೇ 23ರಂದು ದಾಖಲಾದ 45.6 ಡಿಗ್ರಿ ಸೆಲ್ಸಿಯಸ್, ಬೆಂಗಳೂರಿನಲ್ಲಿ 1931ರ ಮೇ 22ರಂದು ದಾಖಲಾದ 38.9 ಡಿಗ್ರಿ ಮುಂತಾದ ಅಂಕಿಗಳು ಇಂದಿಗೂ ಹೋಲಿಕೆಗೆ ಸಿಗುವುದು ದಿನ ತಪ್ಪದೆ ದಾಖಲಿಸಿದ ಇಂತಹ ವೀಕ್ಷಕರ ಶ್ರಮದಿಂದ.

ಬೇಸಿಗೆ ಮಳೆಯನ್ನು ಮುಂಗಾರಿನ ಮುನ್ನುಡಿಯೆಂದು ನೋಡದೆ, ಅದಕ್ಕಾಗಿಯೇ ಕಾದು ಅಳೆದವರೆಂದರೆ ಕಾಫಿ ಬೆಳೆಗಾರರು. ಕೊಡಗು, ಚಿಕ್ಕಮಗಳೂರು, ಹಾಸನಗಳ ತೋಟಗಳಲ್ಲಿ ಚಳಿಗಾಲದ ಒಣ ಹವೆಗೆ ಸುಪ್ತವಾಗಿ ನಿಂತ ಮೊಗ್ಗು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಂದು ಒಳ್ಳೆಯ ಮಳೆಗೆ ಎಚ್ಚರಗೊಂಡು, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುವಂತೆ ಅರಳುತ್ತದೆ. ಇದನ್ನು ಹೂಮಳೆ ಎನ್ನುತ್ತಾರೆ. ಅದು ಸಾಲದಾದರೆ ಮೊಗ್ಗು ಅರೆಬಿರಿದು ಕೆಡುತ್ತದೆ, ಹೂ ಬಿರಿದ ದಿನವೇ ಮತ್ತೆ ಮಳೆ ಸುರಿದರೆ ಪರಾಗಸ್ಪರ್ಶ ಕೆಡುತ್ತದೆ, ಹೂವಾದ ಕೆಲವು ವಾರಗಳಲ್ಲಿ ಬ್ಯಾಕಿಂಗ್ ಶವರ್ ಎಂಬ ಎರಡನೆಯ ಮಳೆ ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ವರ್ಷದ ಆದಾಯವೇ ಒಂದೆರಡು ಸಂಜೆಯ ಗುಡುಗುಮಳೆಗೆ ಕಟ್ಟುಬಿದ್ದಿದ್ದರಿಂದ ತೋಟ ತೋಟದಲ್ಲೂ ಮಳೆಮಾಪಕ ಬಂತು, ತಲೆಮಾರಿನಿಂದ ತಲೆಮಾರಿಗೆ ಮಳೆಯ ಪುಸ್ತಕ ಸಾಗಿತು. ಇಂಚನ್ನು ನೂರು ಭಾಗ ಮಾಡಿ ಸೆಂಟುಗಳಲ್ಲಿ ಮಳೆ ಹೇಳುವ ರೂಢಿ ಮೆಟ್ರಿಕ್ ಪದ್ಧತಿ ಬಂದ ಮೇಲೂ ಅಲ್ಲಿ ಉಳಿದಿದೆ. ಪ್ರತ್ಯೇಕವಾದ ಅಗತ್ಯವಿದ್ದಲ್ಲಿ ಪ್ರತ್ಯೇಕವಾದ ಅವಲೋಕನವೂ ಬೆಳೆಯುತ್ತದೆಂಬುದಕ್ಕೆ ಇದು ನಿದರ್ಶನ. ಆ ಅಗತ್ಯವನ್ನು ಪೂರೈಸಿಕೊಳ್ಳುವ ಶಕ್ತಿ ತೋಟದ ಒಡೆಯರಿಗೆ ಇತ್ತು, ಬಿಸಿಲಿನಲ್ಲಿ ದುಡಿಯುವ ಕೂಲಿಗೆ ಇರಲಿಲ್ಲ.

ಬಿಸಿಲೇ ವಿಷಯವಾದಾಗ

ಸ್ವಾತಂತ್ರ್ಯಾನಂತರ ರಾಡಾರ್, ಉಪಗ್ರಹ ಮತ್ತು ಗಣಕಯಂತ್ರಗಳು ಬಂದರೂ ಸಾರ್ವಜನಿಕ ಗಮನ ಮುಂಗಾರಿನ ಮೇಲೆಯೇ ನಿಂತಿತ್ತು. 1988ರಲ್ಲಿ ಕರ್ನಾಟಕ ಸರ್ಕಾರ ತೆರೆದ ಬರ ಪರಿವೀಕ್ಷಣಾ ಕೋಶದ ಉದ್ದೇಶವನ್ನು ಅದರ ಹೆಸರೇ ಹೇಳುತ್ತದೆ. ತಿರುವು ಬಂದದ್ದು ಸಾವುಗಳ ಲೆಕ್ಕ ಕಣ್ಣಿಗೆ ಬಿದ್ದಾಗ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ತಾಪಮಾನ 46.8 ಡಿಗ್ರಿಗೆ ಏರಿ, ವಾಡಿಕೆಗಿಂತ ಸಾವಿರಕ್ಕೂ ಹೆಚ್ಚು ಸಾವುಗಳಾದುದನ್ನು ಸಂಶೋಧಕರು ಅಂದಾಜಿಸಿದ ಮೇಲೆ ಆ ನಗರವು 2013ರಲ್ಲಿ ಬಿಸಿಲಿಗಾಗಿಯೇ ಒಂದು ಕ್ರಿಯಾ ಯೋಜನೆ ಮಾಡಿತು. 2015ರಲ್ಲಿ ಕರ್ನಾಟಕದ ನೆರೆಯ ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಬಿಸಿಗಾಳಿ ಸುಮಾರು ಎರಡು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಮರು ವರ್ಷ, 2016ರಲ್ಲಿ, ಹವಾಮಾನ ಇಲಾಖೆಯು ಮೊದಲ ಬಾರಿಗೆ ಬೇಸಿಗೆಯ ತಾಪಮಾನಕ್ಕೆಂದೇ ಋತುವಿನ ಮುನ್ನೋಟವನ್ನು ಪ್ರಕಟಿಸಿತು. ಮುಂಗಾರಿನ ಮೊದಲ ಅಧಿಕೃತ ಮುನ್ಸೂಚನೆಯಿಂದ ಬಿಸಿಲಿನ ಮೊದಲ ಮುನ್ನೋಟಕ್ಕೆ ಬರಲು ಸರಿಯಾಗಿ 130 ವರ್ಷಗಳು ಬೇಕಾದವು. ಅದೇ 2016ರ ಏಪ್ರಿಲ್ 25ರಂದು ಬೆಂಗಳೂರು 39.2 ಡಿಗ್ರಿ ಮುಟ್ಟಿ, 1931ರ ದಾಖಲೆಯನ್ನು ಮುರಿಯಿತು.

ಋತುವಿನ ಮುನ್ನೋಟವು ಯಾವುದೋ ಒಂದು ದಿನದ ತಾಪವನ್ನು ಹೇಳುವುದಿಲ್ಲ. ಸಾಗರ ಮತ್ತು ವಾಯುಮಂಡಲಗಳ ಗಣಿತ ಮಾದರಿಯನ್ನು ಅನೇಕ ಸಲ, ಆರಂಭದ ಸ್ಥಿತಿಯನ್ನು ತುಸು ಬದಲಿಸಿ ನಡೆಸಿ, ಮೂರು ತಿಂಗಳ ಸರಾಸರಿಯು ವಾಡಿಕೆಗಿಂತ ಹೆಚ್ಚಾಗುವ, ವಾಡಿಕೆಯಷ್ಟೇ ಇರುವ ಅಥವಾ ಕಡಿಮೆಯಾಗುವ ಸಂಭವವೆಷ್ಟು ಎಂದು ಅದು ತಿಳಿಸುತ್ತದೆ. ದಿನದ ಮಟ್ಟದಲ್ಲಿ ಬಿಸಿಗಾಳಿಯ ಅಲೆಯೆಂದು ಘೋಷಿಸಲು ಬಯಲುಸೀಮೆಯಲ್ಲಿ ತಾಪ ಕನಿಷ್ಠ 40 ಡಿಗ್ರಿ ಇದ್ದು ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು, ಕರಾವಳಿಯಲ್ಲಿ ಕನಿಷ್ಠ 37 ಡಿಗ್ರಿ ಇರಬೇಕು. ಉಪವಿಭಾಗವೊಂದರ ಎರಡಾದರೂ ಕೇಂದ್ರಗಳಲ್ಲಿ ಎರಡು ದಿನ ಹೀಗೆ ಮುಂದುವರಿದಾಗ ಘೋಷಣೆಯಾಗುತ್ತದೆ. ಕರ್ನಾಟಕದ ಮಟ್ಟಿಗೆ ಈ ಅಳತೆಯಲ್ಲಿ ಎರಡು ಕೊರತೆಗಳಿವೆ. ಮನುಷ್ಯನ ದೇಹ ತಣ್ಣಗಾಗುವುದು ಬೆವರು ಆರುವುದರಿಂದ. ಮಂಗಳೂರಿನ 34 ಡಿಗ್ರಿಯಲ್ಲಿ ತೇವ ತುಂಬಿದ ಗಾಳಿಗೆ ಬೆವರು ಆರದಿರುವುದರಿಂದ, ದುಡಿಯುವ ದೇಹಕ್ಕೆ ಅದು ಒಣನಾಡಿನ ಇನ್ನೂ ಹೆಚ್ಚಿನ ತಾಪದಷ್ಟೇ ಅಪಾಯವಾಗಬಲ್ಲದು, ಆದರೂ ಘೋಷಣೆಯ ಮಿತಿಗೆ ಸಿಕ್ಕುವುದಿಲ್ಲ. ಎರಡನೆಯದಾಗಿ, ವಾಡಿಕೆಯೆಂಬುದು ಮೂವತ್ತು ವರ್ಷಗಳ ಸರಾಸರಿ. ಭೂಮಿ ಕಾಯುತ್ತಾ ಹೋದಂತೆ ಹೊಸ ಸರಾಸರಿಯೂ ಏರಿ, ಹಿಂದೆ ಅಪಾಯವೆನಿಸುತ್ತಿದ್ದ ತಾಪ ಮುಂದೆ ವಾಡಿಕೆಯೆನಿಸಿಕೊಳ್ಳುತ್ತದೆ. ನಕ್ಷತ್ರದ ಪಂಚಾಂಗ ಋತುವಿನಿಂದ ಜಾರಿದಂತೆ ಈ ಅಳತೆಯೂ ದೇಹದ ಅನುಭವದಿಂದ ಜಾರಬಹುದು. ಅದನ್ನು ಕಾಲಕಾಲಕ್ಕೆ ತಿದ್ದಿಕೊಳ್ಳಬೇಕಾದವರು ಇಂದಿನ ಶಾಸ್ತ್ರಜ್ಞರು.

ಸಿಡಿಲಿನ ವಿಷಯದಲ್ಲಿ ಮುನ್ನಡೆ ಹೆಚ್ಚು ಸ್ಪಷ್ಟ. ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ, ಅವರಲ್ಲಿ ಬಹುಪಾಲು ಹೊಲದಲ್ಲಿರುವ ರೈತರು, ಕೂಲಿಗಳು, ಮರದಡಿ ನಿಂತ ಕುರಿಗಾಹಿಗಳು. ಮಿಂಚಿನಿಂದ ಹೊರಡುವ ರೇಡಿಯೋ ಅಲೆಗಳನ್ನು ಹಲವು ಸಂವೇದಕಗಳು ಹಿಡಿದು, ಅವು ತಲುಪಿದ ಕಾಲದ ಅಂತರದಿಂದ ಮಿಂಚಿನ ಜಾಗವನ್ನು ಗುರುತಿಸುವ ವ್ಯವಸ್ಥೆ ಬಂದ ಮೇಲೆ, ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಎಂಬ ಮೊಬೈಲ್ ಆ್ಯಪ್‌ಗಳು ಎಚ್ಚರಿಕೆ ಕೊಡತೊಡಗಿದವು. ಹಳೆಯ ಬರ ಕೋಶವೇ ಬೆಳೆದು ಈ ಕೇಂದ್ರವಾಗಿದೆ. ಅದರ ದೂರಮಾಪನ ಮಳೆಮಾಪಕಗಳು ಗ್ರಾಮ ಪಂಚಾಯಿತಿಯ ಮಟ್ಟಕ್ಕೆ ಇಳಿದಿವೆ, ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿದ ರೈತನಿಗೆ ತನ್ನ ಸೀಮೆಯ ಮುನ್ಸೂಚನೆ ಕನ್ನಡದಲ್ಲೇ ಸಿಗುತ್ತದೆ. ಪಕ್ಕದ ಊರಿನ ಮಳೆ ಈ ಊರಿನದಲ್ಲ ಎಂಬ ಬೇಸಿಗೆಯ ಮೂಲ ಸಮಸ್ಯೆಗೆ ಸಿಕ್ಕ ಮೊದಲ ತಕ್ಕ ಉತ್ತರವಿದು.

ಈ ಇತಿಹಾಸದುದ್ದಕ್ಕೂ ಒಂದು ಸತ್ಯ ಎದ್ದು ಕಾಣುತ್ತದೆ. ಮುನ್ಸೂಚನೆಯು ಯಾರ ನಿರ್ಧಾರಕ್ಕೆ ನೆರವಾಗಬೇಕೆಂಬುದು ಸ್ಪಷ್ಟವಿದ್ದಾಗ ಮಾತ್ರ ಅದು ಬಾಳಿಕೆಗೆ ಬಂದಿದೆ: ಭರಣಿಯ ಲೆಕ್ಕ ಉಳುವವನಿಗೆ, ಪತ್ತನಾಜೆಯ ಕಟ್ಟಳೆ ಮೇಳಕ್ಕೆ, ಹೂಮಳೆಯ ಪುಸ್ತಕ ಬೆಳೆಗಾರನಿಗೆ, ಬ್ಲ್ಯಾನ್‌ಫೋರ್ಡನ ವರದಿ ಆಡಳಿತಗಾರನಿಗೆ ಬೇಕಾಗಿತ್ತು. ಬಿಸಿಲಿನ ಮುನ್ಸೂಚನೆ ಬೇಕಾಗಿರುವುದು ನೆರಳಿಲ್ಲದೆ ದುಡಿಯುವವರಿಗೆ. ಕಲಬುರಗಿ ವಿಭಾಗ ಮತ್ತು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಕ್ರಮ ಬಹಳ ವರ್ಷಗಳಿಂದ ನಡೆದುಬಂದಿದೆ. ಕಚೇರಿಯೊಳಗಿನವರಿಗೆ ಸಲ್ಲುವ ಈ ವಿವೇಕ ಹೊಲದ ಕೂಲಿಗೆ, ಕಟ್ಟಡದ ಕಾರ್ಮಿಕನಿಗೆ, ಬೀದಿಯ ವ್ಯಾಪಾರಿಗೆ, ಕೂಲಿ ಕಳೆದುಕೊಳ್ಳದೆ ಸಲ್ಲುವಂತಾಗಬೇಕು. ಎಚ್ಚರಿಕೆ ಬಂದ ದಿನ ಕೆಲಸದ ಹೊತ್ತು ಬದಲಾಗುವುದು, ಅರವಂಟಿಗೆಯ ಹಳೆಯ ಧರ್ಮ ಪಂಚಾಯಿತಿಯ ಕರ್ತವ್ಯವಾಗುವುದು, ಕರಾವಳಿಯ ಸೆಖೆಯೂ ಅಪಾಯದ ಅಳತೆಗೆ ಸೇರುವುದು, ಬಿಸಿಲಿನ ಪ್ರತಿ ಸಾವೂ ಬಿಸಿಲಿನ ಸಾವೆಂದೇ ದಾಖಲಾಗುವುದು ಇನ್ನೂ ಆಗಬೇಕಾದ ಕೆಲಸಗಳು. ಮುಂಗಾರನ್ನು ತಿಳಿಯಲು ನಾಡು ತೋರಿದ ಶ್ರದ್ಧೆಯನ್ನೇ ಬೇಸಿಗೆಗೂ ತೋರಿದರೆ ಆ ಕೆಲಸಗಳು ಅಸಾಧ್ಯವೇನಲ್ಲ.